ಟ್ರಾಲಿದೀಪ ಮೀಮಾಂಸೆ

ರಾತ್ರಿ ತಂಗಲು ನಿಂತ ಗಾಡಿಮನೆಯ ಹೊರಮೈಗೆ ದೀಪ ಹಾಕುವಾಗ ಪಕ್ಕದವರ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಜಟಿಲ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧ ಎತ್ತಿಕೊಳ್ಳುತ್ತದೆ. ಈ ವಿಷಯದಲ್ಲಿ ಪೂರ್ವಸೂರಿಗಳು ಮೌನ ವಹಿಸಿದ್ದಾರೆ. ಅವರಲ್ಲಿ ಯಾರೂ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗಿ ನಮ್ಮ ಕಾಕಾ ಅವರ ಟ್ರಾಲಿಯ ಪಕ್ಕ ಮಲಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಮೊದಲಿಗೆ ಪರಿಭಾಷೆ. ಹಾಸಿಗೆ, ಒಲೆ, ನೀರು ಎಲ್ಲವನ್ನೂ ಹೊತ್ತು ಉರುಳುವ ಮನೆಗೆ ಪರದೇಶದವರು ಕ್ಯಾರವಾನ್ ಎನ್ನುತ್ತಾರೆ. ನಮ್ಮೂರು ನಂದೂರಲ್ಲಿ ಇದಕ್ಕೆ ಟ್ರ್ಯಾಕ್ಟರ್ ಟ್ರಾಲಿ ಎಂದು ಹೆಸರು. ಹಾಸಿಗೆ ಎಂದರೆ ಜೋಳದ ಕಣಿಕಿ, ಮೇಲೆ ಕೌದಿ. ಚಾವಣಿ ಎಂದರೆ ಬಿದಿರಿನ ಕಮಾನಿಗೆ ಬಿಗಿದ ತಾಡಪತ್ರಿ. ನೀರಿನ ತೊಟ್ಟಿ ನೀಲಿ ಡ್ರಮ್ಮು, ಅಡುಗೆಮನೆ ಮೂರು ಕಲ್ಲು, ಉಗ್ರಾಣ ಕಟಕ ರೊಟ್ಟಿಯ ಗಂಟು ಮತ್ತು ಶೇಂಗಾ ಹಿಂಡಿಯ ಡಬ್ಬಿ. ಶೌಚಾಲಯದ ಚರ್ಚೆ ಪ್ರಬಂಧದ ವ್ಯಾಪ್ತಿಯ ಆಚೆಗಿದೆ; ಟ್ರಾಲಿಯಿಂದಲೂ ಸಾಕಷ್ಟು ಆಚೆಗೇ ಇರುತ್ತದೆ.

ಚಾರಿತ್ರಿಕ ಹಿನ್ನೆಲೆ ಇಲ್ಲದೆ ಪ್ರಬಂಧ ಸ್ವೀಕೃತವಾಗುವುದಿಲ್ಲವಾದ್ದರಿಂದ ಅಶೋಕನಿಂದ ತೊಡಗುವೆ. ನಮ್ಮದೇ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಿಲೆಯ ಮೇಲೆ ಹನ್ನೆರಡನೆಯ ಶಾಸನದ ಭಾಗವಿದೆ. ತನ್ನ ಪಂಥವನ್ನು ಮಿತಿಮೀರಿ ಬೆಳಗಿಸಲು ಹೊರಟವನು ಕೊನೆಗೆ ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಆ ಶಾಸನದ ತಾತ್ಪರ್ಯ. ವಿದ್ವಾಂಸರು ಇದನ್ನು ಧರ್ಮಸಹಿಷ್ಣುತೆಯ ಮಾತೆಂದು ಓದಿದ್ದಾರೆ. ಇದು ಟ್ರಾಲಿಗೆ ಕಟ್ಟಿದ ಫೋಕಸ್ ಲೈಟಿನ ಕುರಿತದ್ದು ಎಂಬುದು ನನ್ನ ನಮ್ರ ಪ್ರತಿಪಾದನೆ. ಬ್ರಾಹ್ಮೀ ಓದಲು ಬಾರದಿರುವುದು ಈ ನಿಲುವಿಗೆ ವಿಶೇಷ ಬಲ ಕೊಟ್ಟಿದೆ.

ಅಲ್ಲಿಂದ ನೇರವಾಗಿ ಮುತ್ಯಾನ ಕಾಲಕ್ಕೆ ಬರಬಹುದು, ನಡುವೆ ದೊಡ್ಡದೇನೂ ನಡೆದಿಲ್ಲ. ಆಗ ಎತ್ತಿನ ಬಂಡಿಯ ಅಚ್ಚಿಗೆ ಕಂದೀಲು ಕಟ್ಟುತ್ತಿದ್ದರು, ಅದೂ ಬಂಡಿಯ ಕೆಳಗೆ. ಬೆಳಕು ನೆಲಕ್ಕೆ ಬೀಳುತ್ತಿತ್ತು, ಎತ್ತಿನ ಕಾಲಿಗೆ ಬೀಳುತ್ತಿತ್ತು, ಹಿಂದೆ ಬರುವವನಿಗೆ ಬಂಡಿ ಇದೆ ಎಂದು ತಿಳಿಯುತ್ತಿತ್ತು. ಮೇಲೆ ಮಲಗಿದ ಕೂಸಿಗೆ ಬಂಡಿಯ ಹಲಗೆಯೇ ಮರೆ. ಬೆಳಕು ಮೇಲಕ್ಕೆ ಹೋಗದಂತೆ ಮುಸುಕು ಹಾಕಬೇಕು, ಬೇಕಾದಲ್ಲಿಗಷ್ಟೇ ಬಿಡಬೇಕು, ಬಣ್ಣ ಹಳದಿಗೆ ಹತ್ತಿರವಿರಬೇಕು ಎಂದು ಇಂದಿನ ಬೆಳಕಿನ ತಜ್ಞರು ಹೇಳುವ ಮೂರೂ ಲಕ್ಷಣ ಆ ಕಂದೀಲಿನಲ್ಲಿದ್ದವು. ಲಡಾಖಿನ ಹಾನ್ಲೆಯನ್ನು ಕತ್ತಲೆ ಕಾಯುವ ತಾಣವೆಂದು 2022ರಲ್ಲಿ ಗುರುತಿಸಿದ್ದಾರೆ. ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಚುಕ್ಕೆ ಕಾಣಲೆಂದು ಇಷ್ಟೆಲ್ಲ ಏರ್ಪಾಡು. ಮುತ್ಯಾ ಮಾಡಿದ್ದು ಚಿಮಣಿ ಎಣ್ಣೆ ಉಳಿಸಲಿಕ್ಕೆ. ಫಲ ಒಂದೇ, ಅನುದಾನ ಮಾತ್ರ ಬೇರೆ.

ಇನ್ನು ನವ್ಯಯುಗ. ಕಾಕಾ ಅವರು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ತಲಾ 18 ವ್ಯಾಟಿನ ನಾಲ್ಕು ಎಲ್‌ಇಡಿ ಫೋಕಸ್ ತಂದು ಟ್ರಾಲಿಯ ನಾಲ್ಕು ಮೂಲೆಗೆ ಬಿಗಿದರು. ಡಬ್ಬಿಯ ಮೇಲೆ 6,500 ಕೆಲ್ವಿನ್, ಕೂಲ್ ವೈಟ್ ಎಂದು ಬರೆದಿತ್ತು. ಸೂರ್ಯನ ಮೇಲ್ಮೈಯೇ 5,800 ಕೆಲ್ವಿನ್ ಆಸುಪಾಸು ಇರುವಾಗ ಅದಕ್ಕಿಂತ ಹೆಚ್ಚಿನದನ್ನು ತಂಪು ಎಂದು ಕಲಬುರಗಿಯವರಿಗೆ ಮಾರಿದ ವ್ಯಾಪಾರಿಯ ಧೈರ್ಯವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕಿದೆ. ಕೆಲ್ವಿನ್ ಇಳಿದಷ್ಟೂ ಬೆಳಕು ಬೆಚ್ಚಗೆ, ಏರಿದಷ್ಟೂ ನೀಲಿ. ನೀಲಿ ಹೆಚ್ಚಿದಷ್ಟೂ ಹುಳ ಹೆಚ್ಚು. 2,700 ಕೆಲ್ವಿನ್ನಿನದು ಅದೇ ಬೆಲೆಗೆ ಸಿಗುತ್ತಿತ್ತು. 'ಅದು ಮಂದ ಕಾಣ್ತದ್ರಿ' ಎಂದು ಕಾಕಾ ಬಿಟ್ಟರು. ದತ್ತ ಜಯಂತಿಯ ರಾತ್ರಿ ಭೀಮಾ ದಂಡೆಯ ಸಮಸ್ತ ಕೀಟಸಂಕುಲ ನಮ್ಮ ಪುಂಡಿ ಪಲ್ಯದಲ್ಲಿ ದತ್ತಾತ್ರೇಯನ ಪಾದ ಸೇರಿತು.

ಕ್ಷೇತ್ರಕಾರ್ಯ ನಡೆದದ್ದು ಗಾಣಗಾಪುರದ ಭೀಮಾ–ಅಮರ್ಜಾ ಸಂಗಮದ ಬಯಲಲ್ಲಿ. ದತ್ತ ಜಯಂತಿ ಬರುವುದು ಮಾರ್ಗಶಿರ ಹುಣ್ಣಿಮೆಗೆ. ಅಂದರೆ ತುಂಬು ಚಂದ್ರ ತಲೆಯ ಮೇಲಿದ್ದಾಗ, ಪುಕ್ಕಟೆ ಬೆಳದಿಂಗಳ ಮೇಲೆ 72 ವ್ಯಾಟ್ ಸುರಿಯಲಾಯಿತು. ಎಡಪಕ್ಕದಲ್ಲಿ ಕಮಲಾಪುರದ ಟ್ರಾಲಿ. ಅದರಲ್ಲಿ ಒಬ್ಬ ಆಯಿ, ಆರು ಮೊಮ್ಮಕ್ಕಳು, ಒಂದು ಗೊನೆ ಕೆಂಪು ಬಾಳೆಹಣ್ಣು, ಟ್ರಾಲಿಯ ಕೆಳಗೆ ಒಂದು ಕಂದೀಲು. ಒಂಬತ್ತಕ್ಕೆ ಆಯಿಯ ಮೊದಲ ಆಕ್ಷೇಪ ದಾಖಲಾಯಿತು.

'ಏ ತಮ್ಮಾ, ಆ ಲೈಟ್ ಬಂದ್ ಮಾಡೋ. ಕಣ್ಣಾಗ ಹೊಡಿಲಾಕತ್ತದ.'

ಕಾಕಾ ಪೂರ್ವಪಕ್ಷ ಮಂಡಿಸಿದರು: 'ಕಳ್ರು ಬರ್ತಾರ್ರಿ ಆಯಿ.' ಆಯಿಯ ಉತ್ತರಪಕ್ಷ: 'ಇಷ್ಟ ಬೆಳಕಿನಾಗ ಕಳ್ಳನ ಮಾರಿ ಯಾರಿಗಿ ಕಾಣ್ತದೋ?' ಇದು ಸೂಕ್ಷ್ಮವಾದ ವಾದ. ಕೋರೈಸುವ ದೀಪದ ಹಿಂದೆ ನಿಂತವನು ಕಾಣುವುದಿಲ್ಲ. ಕಣ್ಣು ಒಮ್ಮೆ ಆ ಬೆಳಕಿಗೆ ಒಗ್ಗಿದರೆ ಕತ್ತಲೆಗೆ ಮತ್ತೆ ಪೂರ್ತಿ ಹೊಂದಿಕೊಳ್ಳಲು ಅರ್ಧ ತಾಸಾದರೂ ಬೇಕು. ಕಳ್ಳನಿಗೆ ಅಷ್ಟು ಹೊತ್ತು ಬೇಕಿಲ್ಲ.

ಕಾನೂನಿನ ನೆರವು ಪಡೆಯಲು ಯತ್ನಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 106ನೆಯ ನಿಯಮ ಸೂತ್ರಸಾಹಿತ್ಯದ ಶಿಖರ. ವಾಹನದ ಮುಂದಿನ ದೀಪ ಸದಾ ಕೆಳಮುಖವಾಗಿರಬೇಕು, ಇಲ್ಲವೇ ಚಾಲಕ ಬೇಕೆಂದಾಗ ಕೆಳಮುಖ ಮಾಡುವಂತಿರಬೇಕು. 8 ಮೀಟರ್ ದೂರ, ದೀಪದ ಬಲಕ್ಕೆ ಅರ್ಧ ಮೀಟರ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಅದು ಕೋರೈಸಬಾರದು. ಇದನ್ನು ಓದಿ ಹೇಳಿದ್ದಕ್ಕೆ ಕಾಕಾ ಭಾಷ್ಯ ಬರೆದೇಬಿಟ್ಟರು: ಒಂದು, ಇವು ಮುಂದಿನ ದೀಪಗಳಲ್ಲ, ಎರಡು, ಆಯಿ ಎಡಕ್ಕಿದ್ದಾರೆ, ಮೂರು, ಮಲಗಿದವರ ಕಣ್ಣು ಒಂದೂವರೆ ಮೀಟರ್ ಎತ್ತರಕ್ಕಿರುವುದಿಲ್ಲ. ಹೈಕೋರ್ಟ್ ಪೀಠ ನಮ್ಮ ಕಲಬುರಗಿಯಲ್ಲೇ ಇರುವುದರ ಪರಿಣಾಮ ಇದಿರಬಹುದು.

ಲಾರಿಗಳ ಬೆನ್ನಿನ ಮೇಲಿನ 'ರಾತ್ರಿ ಡಿಪ್ಪರ್ ಬಳಸಿ' ಎಂಬ ಲಘುಶಾಸನವನ್ನೂ ಉಲ್ಲೇಖಿಸಿದೆ. ನಿಂತ ಗಾಡಿಗೆ ಅದು ಅನ್ವಯಿಸದೆಂದು ತಳ್ಳಿಹಾಕಲಾಯಿತು.

ಹೀಗೆ ಶಾಸನ, ಶಾಸ್ತ್ರ, ಕಾಯಿದೆ ಮೂರೂ ಸೋತಲ್ಲಿ ಬ್ಯಾಟರಿ ಗೆದ್ದಿತು. 72 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 6 ಆಂಪಿಯರ್. ಒಂಬತ್ತರಿಂದ ಐದರವರೆಗೆ 8 ತಾಸು. ಒಟ್ಟು 48 ಆಂಪಿಯರ್-ತಾಸು. ನಾಲ್ಕು ವರ್ಷದ ಹಳೆಯ ಬ್ಯಾಟರಿ ಇದನ್ನು ಕೊಟ್ಟು ಕೈಮುಗಿಯಿತು. ಬೆಳಿಗ್ಗೆ ಕಾಕಾ ಚಾವಿ ತಿರುವಿದಾಗ ಟ್ರ್ಯಾಕ್ಟರ್ ಟಿಕ್ ಎಂದಿತು. ಮತ್ತೊಮ್ಮೆ ತಿರುವಿದರು, ಅಷ್ಟೂ ಅನ್ನಲಿಲ್ಲ.

'ರಾತ್ರೆಲ್ಲಾ ಬಂದ್ ಮಾಡಂದ್ರ ಮಾಡ್ಲಿಲ್ಲ,' ಎಂದರು ಆಯಿ, ಕೆಂಪು ಬಾಳೆಹಣ್ಣು ಸುಲಿಯುತ್ತ, 'ಈಗ ಎಲ್ಲಾನೂ ಬಂದ್ ಆಗ್ಯಾದ ನೋಡು.' ಹೇಳಿ, ಕಣ್ಣು ಕೆಂಪಾಗಿದ್ದ ತಮ್ಮ ಮಗನನ್ನು ಕರೆದು, ಅವರ ಟ್ರ್ಯಾಕ್ಟರಿನಿಂದ ನಮ್ಮದನ್ನು ಎಳೆಸಿದರು.

ಸರಪಳಿ ಬಿಚ್ಚುತ್ತ ಕಾಕಾ ಮೆಲ್ಲಗೆ ಕೇಳಿದರು: 'ಆಯಿ, ಈ ಕಂದೀಲು ಎಲ್ಲಿ ಸಿಗ್ತಾದ್ರಿ?'

'ನಿಮ್ಮನಿ ಅಟ್ಟದ ಮ್ಯಾಲ ನೋಡು ತಮ್ಮಾ.'

ಅಲ್ಲೇ ಇತ್ತು. ಗಾಜು ಒಡೆದಿತ್ತು. ಈಗ ಅದರೊಳಗೆ 3 ವ್ಯಾಟಿನ ಹಳದಿ ಬಲ್ಬು ಕೂತಿದೆ, ಟ್ರಾಲಿಯ ಅಚ್ಚಿನ ಕೆಳಗೆ ತೂಗುತ್ತಿದೆ, ಸ್ವಿಚ್ಚು ಕಾಕಾ ಅವರ ತಲೆದಿಂಬಿನ ಹತ್ತಿರ. ಇದು ತಮ್ಮದೇ ಹೊಸ ಸಂಶೋಧನೆ ಎಂದು ಅವರು ನಂದೂರ ತುಂಬ ಹೇಳಿಕೊಂಡು ತಿರುಗುತ್ತಿದ್ದಾರೆ. ಬಿಚ್ಚಿಟ್ಟ ನಾಲ್ಕು ಫೋಕಸ್ ಮಾರಾಟಕ್ಕಿವೆ.