ಅಥ ಕರಿಪರದೆ ಮೀಮಾಂಸೆ

ಫ್ಯಾನು ತಿರುಗುತ್ತದೆ, ಲೈಟು ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಈ ಶಾಸ್ತ್ರಕ್ಕೆ ಇದೇ ವಿಷಯ. ಡಿಸ್‌ಪ್ಲೇ ಬರುವುದು ಪ್ರಯೋಜನ, ಸುತ್ತ ನಿಂತು ಸಲಹೆ ಕೊಡುವ ಮನೆಮಂದಿಯೆಲ್ಲ ಅಧಿಕಾರಿಗಳು, ಸಂಬಂಧವೆಂದರೆ ಕೇಬಲ್ಲು.

ಕಾಣದಿರುವುದೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರ ಮತ. ಆದರೆ ‘ನೋ ಸಿಗ್ನಲ್’ ಎಂದು ಪರದೆಯಲ್ಲಿ ತೇಲಿದರೆ ಮಾನಿಟರ್ ಬದುಕಿದೆ ಎಂದೇ ತಿಳಿಯತಕ್ಕದ್ದು. ‘ಇಲ್ಲ’ ಎನ್ನುವುದಕ್ಕೂ ಒಬ್ಬ ಇರಬೇಕಷ್ಟೆ.

ಇನ್ನು ಶಬ್ದಪ್ರಮಾಣ. ಯಂತ್ರವು ಎದ್ದಕೂಡಲೇ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಕರ್ಮಕ್ಕೆ ಪೋಸ್ಟ್ ಎಂದು ಹೆಸರು. ವೈದಿಕರು ಅಂಗನ್ಯಾಸವೆಂದುಕೊಂಡರೆ ಅಡ್ಡಿಯಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಒಂದು ಚಿಕ್ಕ ಬೀಪ್ ಬಂದರೆ ಸರ್ವಂ ಕುಶಲಂ. ಒಂದು ಉದ್ದ, ಎರಡು ಚಿಕ್ಕವು ಬಂದರೆ ಡಿಸ್‌ಪ್ಲೇ ಕಾರ್ಡಿನ ದೋಷ. ಗುರು, ಲಘು, ಲಘು: ಸಾಕ್ಷಾತ್ ಭಗಣ! ಕಾವ್ಯಾರಂಭಕ್ಕೆ ಶುಭವಾದದ್ದು ಕಂಪ್ಯೂಟರ್ ಆರಂಭಕ್ಕೆ ಅಶುಭವಾದದ್ದು ಹೇಗೆಂದು ಲಾಕ್ಷಣಿಕರು ಇನ್ನೂ ವಿಚಾರಿಸಿಲ್ಲ. ಈಚಿನ ಕ್ಯಾಬಿನೆಟ್ಟುಗಳಲ್ಲಿ ಸ್ಪೀಕರೇ ಇರುವುದಿಲ್ಲವಾದ್ದರಿಂದ ಅವು ಮೌನವ್ರತಿಗಳು. ಕೆಲವು ಮದರ್‌ಬೋರ್ಡುಗಳು ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ದೀಪಗಳಲ್ಲಿ ಒಂದನ್ನು ಹೊತ್ತಿಸಿ ಸನ್ನೆ ಮಾಡುತ್ತವೆ.

‘ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದೇ ಹಾಕಿಸಿಬಿಡಿ’ ಎಂಬುದು ಅಂಗಡಿಯವರ ಪೂರ್ವಪಕ್ಷ. ಸಿದ್ಧಾಂತವೋ, ರ್ಯಾಮ್. ಪ್ಲಗ್ ಕಿತ್ತು, ಕಡ್ಡಿಯನ್ನು ಹೊರಗೆಳೆದು, ಮಗುವಿನ ಕಂಪಾಸ್ ಬಾಕ್ಸಿನಿಂದ ಎರವಲು ತಂದ ರಬ್ಬರಿನಿಂದ ಅದರ ಹೊಂಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ, ಟಕ್ಕೆಂದು ಕೂರುವವರೆಗೆ ಒತ್ತಬೇಕು. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ಫಲಿಸದಿದ್ದರೆ 3 ವೋಲ್ಟಿನ ಬಿಲ್ಲೆಯಾಕಾರದ ಸಿಆರ್2032 ಸೆಲ್ಲನ್ನು ತೆಗೆದು ಕೆಲವು ನಿಮಿಷ ಬಿಟ್ಟು ಹಾಕುವುದು. ಬಯೋಸ್ ತನ್ನ ಪೂರ್ವಜನ್ಮದ ಸಂಸ್ಕಾರಗಳನ್ನು ಮರೆಯುತ್ತದೆ. ಹೊಸ ಡಿಡಿಆರ್5 ಯಂತ್ರವು ಮೊದಲ ಸಲ ಕೆಲವು ನಿಮಿಷ ಕತ್ತಲಲ್ಲೇ ರ್ಯಾಮನ್ನು ಪಳಗಿಸುವುದುಂಟು; ಅದು ತಪಸ್ಸು, ಕೆಡಿಸಬಾರದು.

ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರಿಗೆ ಒಂದು ಎಚ್ಚರಿಕೆ: ಎಸ್‌ಎಂಪಿಎಸ್‌ನಿಂದ ಹೊಗೆ ಬಂದಾಗ ಅನುಮಾನ ಮುಗಿಸುವ ಮೊದಲು ಸ್ವಿಚ್ ಆರಿಸಿ.

ಸಂಬಂಧದ ಮಾತು ಉಳಿಯಿತು. ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೂ ಕೇಬಲ್ಲನ್ನು ಮದರ್‌ಬೋರ್ಡಿಗೇ ಚುಚ್ಚುವ ಸಂಪ್ರದಾಯವೊಂದಿದೆ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ. ಅಲ್ಲಿ ಆ ತೂತು ಬರೀ ಅಲಂಕಾರ. ಆದ್ದರಿಂದ ಓದುಗ ಮಹಾಶಯರೇ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ದಯವಿಟ್ಟು ಮೇಜಿನ ಹಿಂದೆ ಒಮ್ಮೆ ಬಗ್ಗಿ ನೋಡಿ.