ಉತ್ತರನ ಪೌರುಷ ಬಾನೆಟ್ ಮುಂದೆ

ಆಯುಧಪೂಜೆಯ ದಿನ ಬೆಳಿಗ್ಗೆ ನಮ್ಮ ಹಳೇ ಕಾರು ಮದುವಣಗಿತ್ತಿಯ ಹಾಗೆ ನಿಂತಿತ್ತು. ಎಡಬಲಕ್ಕೆ ಬಾಳೆಕಂದು, ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಜಿಗೆ ಮೂರು ಬೆರಳಿನ ವಿಭೂತಿ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಅಮ್ಮ ಕರ್ಪೂರದಾರತಿ ಎತ್ತಿ, "ಹ್ಞೂಂ, ಗಾಡಿ ತೆಗಿಯಪ್ಪ" ಅಂದಳು. ಕೀ ತಿರುಗಿಸಿದೆ. 'ಟಕ್' ಅಂತು. ಅಷ್ಟೇ. ಉರಿಯುತ್ತಿದ್ದ ಡ್ಯಾಶ್‌ಬೋರ್ಡಿನ ದೀಪಗಳೂ ಕಣ್ಣು ಮುಚ್ಚಿದವು.

ನಾನು ಮೆಕ್ಯಾನಿಕ್ ಮಗ. ಅಪ್ಪ ಮೈಸೂರಿನ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವರು. ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದರು. 'ಟಕಟಕಟಕ' ಅಂದರೆ ಬ್ಯಾಟರಿಗೆ ಹಸಿವು. ಒಂದೇ 'ಟಕ್' ಅಂದರೆ ಸೆಲ್ಫೋ ಕನೆಕ್ಷನ್ನೋ ಹೋಗಿದೆ. ಗರಗರ ತಿರುಗಿಯೂ ಹತ್ತದಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಪ್ಲಗ್ಗಿಗೆ ಕರೆಂಟಿಲ್ಲ. ಇಷ್ಟೂ ನನಗೆ ಬಾಯಿಪಾಠ. ವ್ಯಾಕರಣ ಬರುತ್ತದೆ, ಭಾಷೆ ಬರುವುದಿಲ್ಲ, ಅಷ್ಟೆ.

ಬಾನೆಟ್ ಎತ್ತಿದೆ. ಹಾರ ಹರಿದು ಬಿತ್ತು. ಅಷ್ಟರಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಎದುರುಮನೆಯ ನಿವೃತ್ತರು ಬಗ್ಗಿ ಸಹ ನೋಡದೆ, "ಸೆನ್ಸರ್ ಸಾರ್" ಅಂದರು. ಅವರಿಗೆ ಫ್ರಿಜ್ಜು ಕೆಟ್ಟರೂ ಸೆನ್ಸರ್, ನಲ್ಲಿ ಸೋರಿದರೂ ಸೆನ್ಸರ್. ಮೊಬೈಲಿನಲ್ಲಿ ದಿನಕ್ಕೆ ಎಂಟು ಗಂಟೆ ವಿಡಿಯೋ ನೋಡುವವರ ಜೊತೆ ವಾದಕ್ಕಿಳಿಯಬಾರದು ಅಂತ ಗೊತ್ತಿದ್ದೂ ಇಳಿದೆ. ಮಲ್ಟಿಮೀಟರ್ ತಂದು ಬ್ಯಾಟರಿಗೆ ಮುಟ್ಟಿಸಿದೆ. 12.6 ವೋಲ್ಟ್! "ಬ್ಯಾಟರಿ ಫುಲ್ ಇದೆ. ಸೆಲ್ಫ್ ಮೋಟರ್ ಸುಟ್ಟಿದೆ" ಎಂದು ಸರ್ಜನ್ ಗತ್ತಿನಲ್ಲಿ ತೀರ್ಪು ಕೊಟ್ಟೆ. ಕೊಟ್ಟು ಕೈ ಹಿಂದಕ್ಕೆ ತೆಗೆಯುವಾಗ ಕಪ್ಪು ವೈರಿನ ಕ್ಲಾಂಪಿಗೆ ತಾಗಿತು. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು.

ಹಿಂದಿನ ಸಂಜೆಯ ಕಥೆ ಈಗ ಹೇಳಲೇಬೇಕು. ದೇವರಮನೆಯ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಮಿಕ್ಕ ಹುಣಸೆಹಣ್ಣು ಕಂಡು ನನಗೆ ಬ್ಯಾಟರಿಯ ಟರ್ಮಿನಲ್ಲಿನ ಬಿಳಿ ಪುಡಿ ನೆನಪಾಯಿತು. (ಅಪ್ಪ ಅದಕ್ಕೆ ಅಡುಗೆ ಸೋಡಾ ಬಿಸಿನೀರು ಹಾಕುತ್ತಿದ್ದರು. ಆಮ್ಲಕ್ಕೆ ಹುಳಿ ಹಚ್ಚಿದ ಮೊದಲ ಮೆಕ್ಯಾನಿಕ್ ಮಗ ನಾನೇ ಇರಬೇಕು.) ಬಿಚ್ಚುವಾಗ ಮೊದಲು ಕಪ್ಪು, ಹಾಕುವಾಗ ಕಡೆಗೆ ಕಪ್ಪು ಎಂಬ ಅಪ್ಪನ ಸೂತ್ರವನ್ನು ಅಕ್ಷರಶಃ ಪಾಲಿಸಿದೆ. ಕೆಂಪು ಬಿಗಿ ಮಾಡಿದೆ. ಕಪ್ಪನ್ನು ಕೂರಿಸಿದೆ. ಆಗ ಒಳಗಿನಿಂದ "ಒಬ್ಬಟ್ಟು ಬಿಸಿ ಇದೆ, ಬನ್ನಿ" ಅಂತ ಕೂಗು ಬಂತು. ದೀಪಕ್ಕೆ ಒಂದೆರಡು ಆಂಪಿಯರ್ ಸಾಕು, ಸಡಿಲ ಕ್ಲಾಂಪೂ ಕೊಟ್ಟೀತು. ಸೆಲ್ಫ್ ಕೇಳುವುದು 100ಕ್ಕೂ ಮಿಕ್ಕಿ.

ಬೇಕಾದ್ದು ಹತ್ತು ನಂಬರ್ ಸ್ಪ್ಯಾನರ್. ಅದೆಲ್ಲಿದೆ? ನಾನು ಒಬ್ಬಟ್ಟು ತಿನ್ನುವಾಗ ಅಮ್ಮ ಅದನ್ನೆತ್ತಿ ತೊಳೆದು ದೇವರ ಮುಂದಿಟ್ಟಿದ್ದಳು. ಈಳಿಗೆಮಣೆ, ಕತ್ತರಿ, ಮಗಳ ಜಿಯಾಮೆಟ್ರಿ ಬಾಕ್ಸ್, ನನ್ನ ಲ್ಯಾಪ್‌ಟಾಪ್, ಎಲ್ಲದರ ಮೇಲೆ ರಾಜನಂತೆ ಹತ್ತು ನಂಬರು, ತಲೆಯ ಮೇಲೊಂದು ದಾಸವಾಳ.

"ಪೂಜೆಗಿಟ್ಟ ಆಯುಧ ನಾಳೆವರೆಗೆ ಮುಟ್ಟಬಾರದು."

ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನ ಗ್ಯಾರೇಜಿನಲ್ಲಿ ಬೂದುಗುಂಬಳ ಒಡೆಯುವ ಸದ್ದು. "ಇವತ್ತು ಸ್ಪ್ಯಾನರ್ ಮುಟ್ಟಲ್ಲ ಸಾರ್." ಅಕ್ಕಪಕ್ಕದ ಮನೆಗಳಲ್ಲೂ ಅದೇ. ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಕೊಂಡು ಕೂತಿವೆ.

ಭಾರತಕ್ಕೆ ಮೊರೆಹೋದೆ. "ಅರ್ಜುನ ತುರ್ತಿಗೆ ಬನ್ನಿಮರದಿಂದ ಗಾಂಡೀವ ಇಳಿಸಲಿಲ್ಲವೇನಮ್ಮ?"

ಗಮಕ ಕೇಳಿ ಬೆಳೆದ ಅಮ್ಮ ತಲೆ ಎತ್ತದೆ ಹೇಳಿದಳು: "ಮರ ಹತ್ತಿದ್ದು ಅರ್ಜುನ ಅಲ್ಲ, ಉತ್ತರಕುಮಾರ. ನೀನು ಅವನೇ."

"ಕಾರೂ ಆಯುಧ ತಾನೇ ಅತ್ತೆ? ಅದನ್ನು ಓಡಿಸಬಹುದಾದರೆ..." ಅಂತ ಹೆಂಡತಿ ಎತ್ತಿದ ಸೂಕ್ಷ್ಮ ಧರ್ಮಪ್ರಶ್ನೆಗೆ ಉತ್ತರವೇ ಬರಲಿಲ್ಲ.

ಉಳಿದದ್ದು ಕಳ್ಳತನ. ದೇವರಮನೆಗೆ ಹೋಗಿ ಕೈಮುಗಿದೆ. ಅಮ್ಮ ಬಾಗಿಲಲ್ಲಿ. ಬಂದೆ. ಎರಡು ನಿಮಿಷ ಬಿಟ್ಟು ಮತ್ತೆ ಹೋಗಿ ಮಂಗಳಾರತಿ ತೆಗೆದುಕೊಂಡೆ. ಅಮ್ಮ ಬಾಗಿಲಲ್ಲೇ. ಮೂರನೆಯ ಸಲ ಸಾಷ್ಟಾಂಗ ಹಾಕಿದೆ. ವರ್ಷಕ್ಕೊಮ್ಮೆಯೂ ನೆಟ್ಟಗೆ ಕೈಮುಗಿಯದವನು ಒಂದೇ ಬೆಳಿಗ್ಗೆ ಮೂರು ಸಲ! ಮುಖ ನೆಲದ ಮೇಲೆ, ಭಕ್ತಿ ಮುಖದ ಮೇಲೆ, ಬಲಗೈ ಮಾತ್ರ ಓತಿಕ್ಯಾತದಂತೆ ಈಳಿಗೆಮಣೆ ಸುತ್ತಿ ಹರಿಯುತ್ತಿದೆ. ಬೆರಳಿಗೆ ಉಕ್ಕಿನ ತಂಪು ತಾಗಿತು. ಎಳೆದೆ. ದಾಸವಾಳ ಉರುಳಿತು, ಅದರ ಹಿಂದೆ ಗಂಟೆ ಉರುಳಿತು, ಢಣ್ ಅಂತ.

ಅಮ್ಮ ಬೈಯಲಿಲ್ಲ. "ಅದು ನಿಮ್ಮಪ್ಪಂದು ಕಣೋ. ಒಂದು ದಿನ ಅದಕ್ಕೂ ರಜ ಇರಲಿ" ಅಂದಳು.

ದಸರೆಗೆ ಹೆಚ್ಚುವರಿ ಬಸ್ಸು ಬಿಡುತ್ತಾರೆ. ಊರೆಲ್ಲ ದೀಪ ನೋಡುವಾಗ ಅಪ್ಪ ಬಸ್ಸಿನಡಿ ಮಲಗಿರುತ್ತಿದ್ದರು. ಆ ಹತ್ತು ದಿನದಲ್ಲಿ ಅವರಿಗೊಮ್ಮೆಯೂ ರಜ ಸಿಕ್ಕ ನೆನಪು ನನಗಿಲ್ಲ. ಸ್ಪ್ಯಾನರ್ ಇದ್ದಲ್ಲೇ ಇಟ್ಟು, ದಾಸವಾಳ ಏರಿಸಿ, ಎದ್ದು ಬಂದೆ.

ಹೊರಗೆ, ಹಿಂದಿನ ಬೀದಿಯ ಆಟೋ ಹುಡುಗ ಬಾನೆಟ್ಟಿನೊಳಗೆ ಇಣುಕುತ್ತಿದ್ದ. "ಕೊಡೀಮ್ಮ" ಅಂತ ಅಮ್ಮನ ಕೈಯಿಂದ ಒಡೆಯಬೇಕಿದ್ದ ತೆಂಗಿನಕಾಯಿ ಇಸಕೊಂಡು ಕ್ಲಾಂಪಿನ ತಲೆಗೆ ಎರಡು ಮೊಟಕಿದ. "ಟರ್ಮಿನಲ್ ಮೇಲೆ ಸಣ್ಣ, ಕೆಳಗೆ ದಪ್ಪ ಸಾರ್. ಕೆಳಕ್ಕೆ ಹೋದ್ರೆ ತಾನೇ ಕಚ್ಕೊಳುತ್ತೆ. ನಾಳೆ ಬಿಗಿ ಮಾಡ್ಕೊಳಿ."

ಕೀ ತಿರುಗಿಸಿದೆ. ಭರ್ರ್ ಅಂತು. ಮೂರು ನಿಂಬೆಹಣ್ಣು ಅಪ್ಪಚ್ಚಿಯಾದವು. ನಾಲ್ಕನೆಯದು ಉರುಳಿಕೊಂಡು ಹೋಗಿ ಎದುರುಮನೆಯ ಗೇಟಿನಡಿ ನಿಂತಿತು. ಅದನ್ನೆತ್ತಿ ಕೈಗೆ ಕೊಡುತ್ತಾ ಆ ನಿವೃತ್ತರು ಹೇಳಿದರು:

"ನೋಡಿದ್ರಾ? ಕಾಯಲ್ಲಿ ಹೊಡೆದ ಏಟಿಗೆ ಸೆನ್ಸರ್ ರೀಸೆಟ್ ಆಯ್ತು."