ಸೋದೆಯ ಕೋಟೆಯೊಡನೆ ಸಂದರ್ಶನ

ಮತ್ತಿಘಟ್ಟದ ತೋಟದಿಂದ ಹೊರಟು, ಶಿರಸಿಯನ್ನು ದಾಟಿ, ವಾದಿರಾಜರ ಮಠಕ್ಕೆ ಧಾವಿಸುವ ಯಾತ್ರಿಕರಿಗೆಲ್ಲ ದಾರಿ ಬಿಟ್ಟುಕೊಡುತ್ತ, ಕಾಡಿನೊಳಗೆ ಜೀರ್ಣಾವಸ್ಥೆಯಲ್ಲಿರುವ ಸೋದೆಯ ಕೋಟೆಯ ಸನ್ನಿಧಿಗೆ ಬಂದೆನು. ವಯೋವೃದ್ಧರು ಮಾತಿಗೆ ಕಾದೇ ಇದ್ದರು.

“ಬಾ ತಮ್ಮಾ. ಆಸರಿಗೆ ಕೊಡೋಣವೆಂದರೆ ಕೆರೆಯೇ ಹಾಳುಬಿದ್ದಿದೆ. ಕವಳವಿದ್ದರೆ ನೀನೇ ಹಾಕು.”

ತಾವು ಅವತರಿಸಿದ ಕಾರಣ?

“ಕಾಳುಮೆಣಸು! 16ನೆಯ ಶತಮಾನದಲ್ಲಿ ಅರಸಪ್ಪ ನಾಯಕರು ಇಲ್ಲಿ ಆಳುತ್ತಿದ್ದಾಗ, ವಿಜಾಪುರ, ಕೆಳದಿ, ಗೋವೆಯ ಪೋರ್ತುಗೀಸರು, ಹೀಗೆ ಸುತ್ತಣವರೆಲ್ಲರ ದೃಷ್ಟಿಯೂ ನಿಮ್ಮ ಅಡಕೆಮರವನ್ನು ತಬ್ಬಿದ ಆ ಬಳ್ಳಿಯ ಮೇಲೆಯೇ ಇತ್ತು. ಬಳ್ಳಿಗೆ ಬೇಲಿ ಬೇಕೆಂದರು, ನಾನು ಹುಟ್ಟಿದೆನು.”

ದೇವರ ರಕ್ಷಣೆ ಇರಲಿಲ್ಲವೇ?

“ಧಾರಾಳವಾಗಿತ್ತು. ವಾದಿರಾಜರು ಇಲ್ಲಿಯೇ ವೃಂದಾವನಸ್ಥರಾದರು. ಸ್ವರ್ಣವಲ್ಲಿಯ ಮಠ, ಜೈನಮಠಗಳೂ ಸಮೀಪದಲ್ಲಿಯೇ. ಸೋದೆಯ ಅರಸು ಸದಾಶಿವರಾಯರಂತೂ ಶಾಲ್ಮಲೆ ಹೊಳೆಯ ಬಂಡೆಗಳ ಮೇಲೆ ಸಹಸ್ರಲಿಂಗಗಳನ್ನೇ ಕಡೆಯಿಸಿದರು. ಪ್ರತಿ ಮಳೆಗಾಲದ ಪ್ರವಾಹವನ್ನು ಹೊತ್ತೂ ಆ ಲಿಂಗಗಳು ಕುಳಿತಿವೆ; ಅವುಗಳಿಗೆ ಯಾವ ಕಾವಲೂ ಇರಲಿಲ್ಲ. ಕಾವಲುಗಾರನಾದ ನಾನು ಮಾತ್ರ ಬಿದ್ದೆನು. ಇದಕ್ಕೆ ನಿಮ್ಮ ಪಂಡಿತರು ಏನೆನ್ನುವರೋ!”

ಬಿದ್ದ ಬಗೆ ಹೇಗೆ?

“ಕೆಳದಿಯವರ ರಾಜಧಾನಿ ಬಿದನೂರು 1763ರಲ್ಲಿ ಹೈದರನ ವಶವಾಯಿತು, ಅದರ ಬೆನ್ನಲ್ಲಿಯೇ ನನ್ನ ಸರದಿ. ಆಗಿನ ಅರಸು ಇಮ್ಮಡಿ ಸದಾಶಿವರು ಪರಿವಾರಸಮೇತ ಗೋವೆಗೆ ತೆರಳಿ, ಯಾರಿಗೆ ಹೆದರಿ ನನ್ನನ್ನು ಕಟ್ಟಿಸಿದ್ದರೋ ಆ ಪೋರ್ತುಗೀಸರಲ್ಲಿಯೇ ಆಶ್ರಯ ಪಡೆದರು. ಅವರ ಮನೆತನದ ಅರಮನೆ ಫೋಂಡಾ ಸಮೀಪದ ಬಾಂದೋಡೆಯಲ್ಲಿದೆ. ನನ್ನನ್ನು ಯಾರೂ ಕರೆಯಲಿಲ್ಲ, ಬಿಡು. 1801ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನೊಬ್ಬ ಬಂದ. ನನ್ನ ನಾಡಿಯನ್ನು ಹಿಡಿಯುವನೆಂದು ಕೈಚಾಚಿದರೆ, ಅಡಕೆ ಮೆಣಸುಗಳ ಲೆಕ್ಕವನ್ನು ಬರೆದುಕೊಂಡು ಹೋದ.”

ಈಗ ಉಳಿದಿರುವುದು?

“ಏಕಶಿಲೆಯ ಬಾಗಿಲ ಕಂಬಗಳು, 14ರಿಂದ 16 ಅಡಿ ಎತ್ತರ, 12 ಅಡಿ ಚೌಕದ ನುಣುಪಾದ ಕಲ್ಲುಹಾಸು. ಇವೆರಡನ್ನೂ ಆಂಗ್ಲರ ಗ್ಯಾಸೆಟಿಯರ್ ಹೊಗಳಿದೆ. ನಮ್ಮವರೂ ವೇದಿಕೆಗಳಲ್ಲಿ ಹೊಗಳುತ್ತಾರೆ. ನನ್ನ ಗೋಡೆ ಇಳಿದಷ್ಟೂ ಭಾಷಣದಲ್ಲಿ ನನ್ನ ಎತ್ತರ ಏರುತ್ತದೆ.”

ನಾನು ವಂದಿಸಿ ಎದ್ದೆನು. ಹಿರಿಯರು ತಡೆದರು.

“ಶಿರಸಿ ಪೇಟೆಯಲ್ಲಿ ಮೆಣಸಿನ ದರ ಹೇಗಿದೆ?”

ಏರಿದೆ ಎಂದೆನು.

“ಹಾಗಾದರೆ ಹೋಗುವಾಗ ಆ ಬಾಗಿಲ ಕಡೆಯ ಪೊದೆಯನ್ನು ಸ್ವಲ್ಪ ಸವರಿಬಿಡು, ತಮ್ಮಾ. ಯಾರಾದರೂ ದಂಡೆತ್ತಿ ಬಂದೇ ಬರುತ್ತಾರೆ.”